ಭಾವ ಹಾಕಿದ ‘ಒಂದೇ ಇಂಜೆಕ್ಷನ್’ ವಿಡಿಯೋ

ಭಾವ: ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್ನಿನಲ್ಲಿ ಡಿಸ್ಕ್ ನೋವು ವಾಸಿಯಾಗುತ್ತದೆಂಬ ಈ ಜಪಾನಿನ ವಿಡಿಯೋವನ್ನು ದಯವಿಟ್ಟು ಎಲ್ಲರೂ ನೋಡಿ. ಅತ್ತೆಯವರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆತ ಶುರುವಾಗಿ ಐದು ವಾರವಾಯಿತು. ಇಲ್ಲಿನ ಕ್ಲಿನಿಕ್ಕಿನವರೂ ಇದೇ ಇಂಜೆಕ್ಷನ್ ಕೊಡುತ್ತೇವೆ ಎಂದಿದ್ದಾರೆ. ನಾಳೆಯೇ ಮುಂಗಡ ಕಟ್ಟುತ್ತೇನೆ.

ನಾನು: ಭಾವ, ವಿಡಿಯೋ ಸುಳ್ಳಲ್ಲ, ಆದರೆ ‘ಇದೇ ಇಂಜೆಕ್ಷನ್’ ಎಂಬ ಮಾತು ಸುಳ್ಳು. ವಿಡಿಯೋದಲ್ಲಿರುವುದು ಜಪಾನಿನಲ್ಲಿ 2018ರಲ್ಲಿ ಅನುಮತಿ ಪಡೆದ ಕೊಂಡೋಲಿಯೇಸ್ ಎಂಬ ಕಿಣ್ವ. ಅದನ್ನು ನೇರವಾಗಿ ಡಿಸ್ಕಿನೊಳಗೆ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯೊಳಗೆ, ಚುಚ್ಚಿದಾಗ ತಿರುಳಿನಲ್ಲಿ ನೀರು ಹಿಡಿದಿಡುವ ಅಂಶ ಒಡೆದು, ತಿರುಳು ಕುಗ್ಗಿ, ನರದ ಮೇಲಿನ ಒತ್ತಡ ಇಳಿಯುತ್ತದೆ. ಎರಡನೆಯ ಸಲ ಕೊಟ್ಟರೆ ತೀವ್ರ ಅಲರ್ಜಿಯಾದೀತೆಂಬ ಭಯದಿಂದ ಅದನ್ನು ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡುತ್ತಾರೆ. ವಿಡಿಯೋದವರು ಆ ಎಚ್ಚರಿಕೆಯನ್ನೇ ಹೊಗಳಿಕೆ ಮಾಡಿದ್ದಾರೆ. ಕ್ಲಿನಿಕ್ಕಿನವರು ಬರೆದ ಅಮ್ಮನ ಚೀಟಿಯಲ್ಲಿರುವುದು ಎಪಿಡ್ಯೂರಲ್ ಸ್ಟೆರಾಯ್ಡ್, ಅಂದರೆ ಬೆನ್ನುಹುರಿಯ ಹೊದಿಕೆಯ ಹೊರಗೆ ಚುಚ್ಚುವ ಔಷಧ. ಅದು ನರದ ಸುತ್ತಲಿನ ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು, ಹೊರಚಾಚಿದ ಡಿಸ್ಕನ್ನು ಒಳಕ್ಕೆ ತಳ್ಳುವುದಿಲ್ಲ.

ಚಿಕ್ಕಪ್ಪ: ಡಿಸ್ಕಿಗೆ ಕಿಣ್ವ ಚುಚ್ಚುವುದು ಹೊಸತೇನಲ್ಲ. ಪರಂಗಿಕಾಯಿ ಹಾಲಿನಿಂದ ತೆಗೆದ ಕೈಮೋಪಪೈನ್‌ಗೆ ಅಮೆರಿಕದಲ್ಲಿ 1982ರಲ್ಲೇ ಅನುಮತಿ ಸಿಕ್ಕಿತ್ತು. ಕೆಲವರಿಗೆ ಪ್ರಾಣಾಂತಿಕ ಅಲರ್ಜಿಯೂ ಬೆನ್ನುಹುರಿಗೆ ಹಾನಿಯೂ ಆದ ಮೇಲೆ ಬಳಕೆ ಕುಸಿದು, 2003ರಲ್ಲಿ ಮಾರಾಟವೇ ನಿಂತಿತು. ಗಟ್ಟಿ ಮಾಂಸ ಮೆತ್ತಗಾಗಲೆಂದು ನಮ್ಮಜ್ಜಿ ಪರಂಗಿಕಾಯಿ ಹಚ್ಚುತ್ತಿದ್ದದ್ದೂ ಇಂಥ ಕಿಣ್ವಗಳ ಬಲದಿಂದಲೇ.

ಅಕ್ಕ: ಇತಿಹಾಸ ಹೇಳುವವರು ಒಂದು ರಾತ್ರಿ ಇಲ್ಲಿ ಬಂದು ಮಲಗಿ. ಎರಡು ಗಂಟೆಗೆ ಅಮ್ಮ ಕುರ್ಚಿಯ ಬೆನ್ನು ಹಿಡಿದು, ಎಡಗಾಲನ್ನು ನೆಲಕ್ಕೆ ಊರಲಾಗದೆ ನಿಂತಿರುತ್ತಾರೆ. ಸ್ಟೆರಾಯ್ಡಾದರೂ ಸರಿ, ಕೊಡಿಸೋಣ.

ನಾನು: ಅಕ್ಕ, ಅದನ್ನು ನಾನು ಬೇಡವೆನ್ನುತ್ತಿಲ್ಲ. ಇಂಥ ಕಾಲುಸೆಳೆತ ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಅಮ್ಮ ಮಲಗಿ ನಿದ್ದೆ ಮಾಡುವಂತಾದರೆ ಆ ಇಂಜೆಕ್ಷನ್ ಸಾರ್ಥಕ. ಆದರೆ ಅವರಿಗೆ ಸಕ್ಕರೆ ಕಾಯಿಲೆ ಇದೆ, ಸ್ಟೆರಾಯ್ಡಿನಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಇದನ್ನು ಕ್ಲಿನಿಕ್ಕಿನಲ್ಲಿ ಯಾರಾದರೂ ಕೇಳಿದರೇ? ಇನ್ನೊಂದು ಮಾತು: ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಬೆಳಗಿನವರೆಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಾವ: ಸಕ್ಕರೆಯ ವಿಷಯವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಳೆ ಮೊದಲು ಔಷಧದ ಹೆಸರನ್ನು ಬರೆಸಿಕೊಂಡು ಇಲ್ಲಿ ಹಾಕುತ್ತೇನೆ, ಮುಂಗಡ ಆಮೇಲೆ. ವಿಡಿಯೋ ಮಾತ್ರ ಇರಲಿ, ಅಳಿಸುವುದಿಲ್ಲ.