ಅಡ್ವೆಂಚರ್ ಗೇಮಲ್ಲಿ ಪದೇ ಪದೇ ಸಾಯುವುದು ಬೇಕಾ? ನಿಮ್ಮ ಅಭಿಪ್ರಾಯ ಹೇಳಿ

ಪಡುಬಿದ್ರಿ ಪಯಣಿಗ
ಕೆಲಸ ಮಂಗಳೂರಲ್ಲಿ, ಮನೆ ಪಡುಬಿದ್ರಿಯಲ್ಲಿ. ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತುಕೊಂಡೇ ಬಂದು, ಸ್ನಾನ ಊಟ ಮುಗಿಸಿದ ಮೇಲೆ ಒಂದು ಗಂಟೆ ಸಿಕ್ಕಿದರೆ ಅದೇ ದೊಡ್ಡದು. ಆ ಹೊತ್ತಿಗೆ ಅಡ್ವೆಂಚರ್ ಗೇಮ್ ಹಾಕುವುದು ಹೊಸ ಜಾಗ ಸುತ್ತಲಿಕ್ಕೆ, ಒಳ್ಳೆ ಕತೆ ನೋಡಲಿಕ್ಕೆ. ಈಗ ಆಡುತ್ತಿರುವ ಗೇಮಲ್ಲಿ ಕುಸಿಯುವ ಸೇತುವೆ ಮೇಲೆ ಓಡುವ ಜಾಗ ಒಂದುಂಟು. ಬಟನ್ ಚೂರು ತಡವಾದರೆ ಸತ್ತೆ. ಸತ್ತರೆ ಸೇತುವೆ ಹತ್ತಿರ ಬಿಡುವುದಿಲ್ಲ, ಅದಕ್ಕೂ ಹಿಂದೆ ಇಬ್ಬರು ಕೂತು ಮಾತಾಡುವ ಸೀನ್ ಇದೆಯಲ್ಲ, ಅಲ್ಲಿಂದ ಶುರು, ಅದನ್ನು ಸ್ಕಿಪ್ ಮಾಡಲಿಕ್ಕೂ ಆಗುವುದಿಲ್ಲ. ಅದೇ ಮಾತು ಕೇಳಿ ಕೇಳಿ ಕತೆ ಮೇಲಿದ್ದ ಆಸೆಯೇ ಹೋಯಿತು. ಕತೆಗೋಸ್ಕರ ಆಡುವ ಗೇಮಲ್ಲಿ ಆಡುವವರನ್ನು ಸಾಯಿಸುವುದು ಎಂತಕ್ಕೆ?

ಮಣ್ಣಗುಡ್ಡೆ ಮಾಮ
ಇದು ಏನೂ ಅಲ್ಲ ಮಾರಾಯ್ರೆ. ನೀವು ಸಿಯೆರಾ ಕಂಪನಿಯ ಹಳೇ ಗೇಮ್ ಆಡಿಲ್ಲ ಅಂತ ಕಾಣುತ್ತದೆ. 1990ರ ಕಿಂಗ್ಸ್ ಕ್ವೆಸ್ಟ್ 5 ತಗೊಳ್ಳಿ. ಊರಿನ ಬೇಕರಿ ಹತ್ತಿರ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಓಡುತ್ತದೆ. ಆ ಕ್ಷಣವೇ ನಿಮ್ಮ ಹತ್ತಿರ ಇರುವ ಹಳೇ ಬೂಟನ್ನು ಬೆಕ್ಕಿಗೆ ಎಸೆಯಬೇಕು. ಎಸೆಯದಿದ್ದರೆ ಆಗ ಏನೂ ಆಗುವುದಿಲ್ಲ, ಗೇಮ್ ಮುಂದೆ ಹೋಗುತ್ತದೆ. ಆಮೇಲೆ ಯಾವಾಗಲೋ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ನಿಮ್ಮನ್ನು ಕಟ್ಟಿಹಾಕುತ್ತಾರೆ. ಹಗ್ಗ ಕಚ್ಚಿ ಬಿಡಿಸಲಿಕ್ಕೆ ಅದೇ ಇಲಿ ಬರಬೇಕು. ಇಲಿ ಸತ್ತಿದೆ, ನೀವೂ ಅಲ್ಲೇ. ಇಲಿ ಓಡುವುದಕ್ಕಿಂತ ಮೊದಲು ಗೇಮ್ ಸೇವ್ ಮಾಡಿಟ್ಟಿಲ್ಲದಿದ್ದರೆ ಮೊದಲಿಂದ ಆಡಬೇಕು. ಆದರೂ ನಾವು ಆಡಿದೆವು. ಯಾವ ವಸ್ತು ಸಿಕ್ಕಿದರೂ ಜಾಗ್ರತೆ ಮಾಡುತ್ತಿದ್ದೆವು, ಪ್ರತಿ ಬಾಗಿಲು ತೆಗೆಯುವಾಗಲೂ ಎದೆ ಢವಢವ ಅನ್ನುತ್ತಿತ್ತು. ಈಗಿನ ಗೇಮಲ್ಲಿ ಆ ಎಚ್ಚರ ಎಲ್ಲುಂಟು?

ಕಟಪಾಡಿ ಕಡಲು
ಮಾಮ, ಬಾಗಿಲು ತೆಗೆಯುವಾಗಿನ ಹೆದರಿಕೆ ಒಪ್ಪುತ್ತೇನೆ. ಇಲಿಯ ವಿಷಯ ಒಪ್ಪುವುದಿಲ್ಲ. ಆ ಇಲಿಗೂ ಮುಂದೆ ಬರುವ ಹಗ್ಗಕ್ಕೂ ಸಂಬಂಧ ಇದೆ ಅಂತ ಮೊದಲ ಸಲ ಆಡುವವರಿಗೆ ಹೇಗೆ ಗೊತ್ತಾಗಬೇಕು? ಅದು ಎಚ್ಚರದ ಪರೀಕ್ಷೆ ಅಲ್ಲ, ಮೋಸ. ಅದಕ್ಕೂ ಒಂದು ವರ್ಷ ಮೊದಲೇ, 1989ರಲ್ಲಿ, ಗೇಮ್ ಡಿಸೈನರ್ ರಾನ್ ಗಿಲ್ಬರ್ಟ್ ಅಡ್ವೆಂಚರ್ ಗೇಮ್‌ಗಳ ತಪ್ಪುಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಆಡುವವರು ತುಂಬ ಜಾಗ್ರತೆಯಿಂದ, ಎಲ್ಲ ಗಮನಿಸಿ ಆಡಿದರೆ ಸಾಯದೆ, ಸೇವ್ ಮಾಡದೆ ಮೊದಲಿಂದ ಕೊನೆವರೆಗೆ ಆಡಲಿಕ್ಕೆ ಆಗಬೇಕು ಅನ್ನುವುದು ಅದರ ಒಂದು ಅಂಶ. ಸಾವೇ ಬೇಡ ಅಂತ ಅವರು ಹೇಳಿದ್ದಲ್ಲ, ನ್ಯಾಯವಾದ ಸಾವು ಇರಲಿ ಅಂದದ್ದು. ಮರುವರ್ಷ ಅವರದೇ ಮಂಕಿ ಐಲ್ಯಾಂಡ್ ಬಂತು. ಅದರಲ್ಲಿ ಹೀರೋ ನೀರಿನ ಅಡಿಯಲ್ಲಿ ಸಿಕ್ಕಿಬೀಳುತ್ತಾನೆ. ಹತ್ತು ನಿಮಿಷ ಉಸಿರು ಹಿಡಿಯುತ್ತೇನೆ ಅಂತ ಅವನೇ ಜಂಬ ಕೊಚ್ಚಿರುತ್ತಾನೆ. ನಿಜವಾಗಿ ಹತ್ತು ನಿಮಿಷ ಸುಮ್ನೆ ಕೂತರೆ ಮಾತ್ರ ಸಾಯುತ್ತಾನೆ. ಮೊದಲೇ ಹೇಳಿ ಸಾಯಿಸಿದರೆ ಯಾರಿಗೂ ಸಿಟ್ಟು ಬರುವುದಿಲ್ಲ ಅಲ್ವಾ?

ಮಲ್ಪೆ ಸಂಜೆ
ನಾನು ಪಯಣಿಗರ ಕಡೆ. ಮಗಳ ಜೊತೆ ಕೂತು ಆಡುವವಳು ನಾನು. ಎ ಶಾರ್ಟ್ ಹೈಕ್ (2019) ಹಾಕಿದೆವು. ಒಂದು ಹಕ್ಕಿ ಮರಿ ಬೆಟ್ಟ ಹತ್ತುವ ಕತೆ. ಬಿದ್ದರೆ ರೆಕ್ಕೆ ಬಿಚ್ಚಿ ತೇಲಿಕೊಂಡು ಬೇರೆ ಕಡೆ ಇಳಿಯುತ್ತದೆ, ಅಲ್ಲಿ ಹೊಸಬರು ಯಾರೋ ಮಾತಾಡಲಿಕ್ಕೆ ಸಿಗುತ್ತಾರೆ. ಬಿದ್ದದ್ದೇ ಲಾಭ! ಮಗಳು ಬೇಕಂತಲೇ ಹಾರುತ್ತಾಳೆ. ದಿನ ಪೂರ್ತಿ ಒಂದಲ್ಲ ಒಂದು ಟೆನ್ಶನ್ ಇದ್ದೇ ಇರುತ್ತದೆ. ರಾತ್ರಿ ಕೈಯಲ್ಲಿ ಕಂಟ್ರೋಲರ್ ಹಿಡಿದಾಗಲೂ ಅದೇ ಬೇಕಾ? ಇಂಥ ಗೇಮ್ ಇಷ್ಟಪಟ್ಟರೆ ಕೆಲವರು "ಅದು ಗೇಮೇ ಅಲ್ಲ" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ.

ಸುರತ್ಕಲ್ ಹಾಸ್ಟೆಲ್
ಅಕ್ಕ, ಅದು ಗೇಮೇ, ಅನುಮಾನ ಬೇಡ. ಆದರೆ ಸಾವು ತೆಗೆದ ಕೂಡಲೇ ಫ್ರಸ್ಟ್ರೇಶನ್ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ. ಮಿಸ್ಟ್ (1993) ಆಡುತ್ತಾ ಸಾಯುವ ಭಯ ಇಲ್ಲ, ಟೈಮರ್ ಇಲ್ಲ, ಶತ್ರುಗಳಿಲ್ಲ. ಸಮುದ್ರದ ಸದ್ದು, ಖಾಲಿ ದ್ವೀಪ, ನೋಡಲಿಕ್ಕೆ ಎಷ್ಟು ನೆಮ್ಮದಿ. ಆದರೆ ಅದರಲ್ಲಿ ನೆಲದಡಿ ಒಂದು ಗಾಡಿ ಹತ್ತಿ ಸುರಂಗಗಳ ಚಕ್ರವ್ಯೂಹ ದಾಟಬೇಕು. ಪ್ರತಿ ತಿರುವಲ್ಲಿ ಬರುವ ಸದ್ದು ಯಾವ ದಿಕ್ಕಿಗೆ ಹೋಗಬೇಕು ಅಂತ ಹೇಳುತ್ತದೆ. ಅದು ಹೊಳೆಯದಿದ್ದರೆ ಕತ್ತಲಲ್ಲಿ ಗಾಡಿ ತಿರುಗಿಸುತ್ತಲೇ ಇರಬೇಕು. ಅದಕ್ಕಿಂತ ಸತ್ತು ಹೊರಗೆ ಬಂದರೆ ಸಾಕಪ್ಪ ಅನ್ನಿಸುತ್ತದೆ. ಸತ್ತರೆ ಕಡೇ ಪಕ್ಷ "ಈ ದಾರಿ ತಪ್ಪು" ಅಂತಾದರೂ ಗೊತ್ತಾಗುತ್ತದೆ. ಮಿಸ್ಟ್ ಅದನ್ನೂ ಹೇಳುವುದಿಲ್ಲ.

ಪಡುಬಿದ್ರಿ ಪಯಣಿಗ
ಈ ಮಾತು ಯೋಚಿಸುವಂಥದ್ದು. ಆದರೆ ಸಿಕ್ಕಿಬಿದ್ದರೆ ನಾನು ಗೇಮ್ ಬಂದ್ ಮಾಡಿ, ಮರುದಿನ ಬಸ್ಸಲ್ಲಿ ಅದನ್ನೇ ಯೋಚಿಸುತ್ತಾ ಹೋಗಬಹುದು. ಪಜಲ್ ತಲೆಯಲ್ಲಿ ಉಳಿಯುತ್ತದೆ. ಸೇತುವೆಯ ಬಗ್ಗೆ ಬಸ್ಸಲ್ಲಿ ಯೋಚಿಸಿ ಎಂತ ಪ್ರಯೋಜನ?

ಕಟಪಾಡಿ ಕಡಲು
ಸರಿಯಾದ ಜಾಗಕ್ಕೆ ಬಂದಿರಿ. ಅದಕ್ಕೇ ಎಲ್ಲರಿಗೂ ಔಟರ್ ವೈಲ್ಡ್ಸ್ (2019) ಆಡಿ ಅನ್ನುತ್ತೇನೆ. ಅದರಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯನೇ ಸಿಡಿಯುತ್ತಾನೆ, ನೀವು ಸತ್ತು ಮತ್ತೆ ಮೊದಲಿನ ಜಾಗದಲ್ಲಿ ಏಳುತ್ತೀರಿ. ಕಳಕೊಳ್ಳಲಿಕ್ಕೆ ಏನೂ ಇರುವುದಿಲ್ಲ, ಯಾಕೆಂದರೆ ಅದರಲ್ಲಿ ಸಿಗುವುದು ಕತ್ತಿ, ನಾಣ್ಯ ಅಲ್ಲ, ತಿಳಿದುಕೊಂಡ ವಿಷಯ ಮಾತ್ರ. ನೀವು ಓದಿದ್ದು, ಕಂಡದ್ದು ಎಲ್ಲ ನಿಮ್ಮ ಬಾಹ್ಯಾಕಾಶ ನೌಕೆಯ ದಾಖಲೆಯಲ್ಲಿ ಹಾಗೇ ಇರುತ್ತದೆ. ಮಂಜು ತುಂಬಿದ ಒಂದು ಜಾಗದಲ್ಲಿ ದೈತ್ಯ ಮೀನುಗಳಿವೆ. ಮೊದಲ ಸಲ ಖಂಡಿತ ನುಂಗುತ್ತವೆ. ನಾನು ಕಿರುಚಿದ್ದಕ್ಕೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಆಮೇಲೆ ಎಲ್ಲೋ ಒಂದು ಕಡೆ ಓದಿದಾಗ ತಿಳಿಯಿತು, ಅವಕ್ಕೆ ಕಣ್ಣು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಇಂಜಿನ್ ಬಂದ್ ಮಾಡಿ, ಬಂದ ವೇಗದಲ್ಲೇ ತೇಲುತ್ತಾ ಅವುಗಳ ಬಾಯಿ ಪಕ್ಕದಲ್ಲೇ ದಾಟಿದೆ. ಸಾಯುವ ಭಯ ಇಲ್ಲದಿದ್ದರೆ ಆ ಖುಷಿ ಬರುತ್ತಿತ್ತಾ, ನೀವೇ ಹೇಳಿ.

ಮಲ್ಪೆ ಸಂಜೆ
ಓದುವಾಗಲೇ ನನಗೆ ಕೈ ಬೆವರಿತು! ನನಗೆ ಬೇಡ. ನಿಮಗೆ ಖುಷಿ ಆದದ್ದು ಅರ್ಥವಾಗುತ್ತದೆ.

ಮಣ್ಣಗುಡ್ಡೆ ಮಾಮ
ಕಡಲು, ಇಲಿಯ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಆದರೆ ಹಳೇದೆಲ್ಲ ಮೋಸ ಅನ್ನಬೇಡಿ. 1980ರಲ್ಲಿ ಮಾರಾಟಕ್ಕೆ ಬಂದ ಜೋರ್ಕ್ ಬರೀ ಅಕ್ಷರದ ಗೇಮ್, ಚಿತ್ರವೇ ಇಲ್ಲ. ಕತ್ತಲಲ್ಲಿ ಗ್ರೂ ಅನ್ನುವ ಪ್ರಾಣಿ ತಿನ್ನಬಹುದು ಅಂತ ಮೊದಲು ಎಚ್ಚರಿಕೆ ಕೊಡುತ್ತದೆ. ದೀಪ ಇಲ್ಲದೆ ಮುಂದೆ ಹೋದರೆ ತಿನ್ನುತ್ತದೆ, ಹತ್ತು ಅಂಕ ಕಳೆದು ಕಾಡಲ್ಲಿ ಮತ್ತೆ ಎಬ್ಬಿಸುತ್ತದೆ. ಎಚ್ಚರಿಕೆ, ದಂಡ, ಇನ್ನೊಂದು ಅವಕಾಶ, ಎಲ್ಲ ಅದರಲ್ಲೇ ಇತ್ತು. ನಡುವೆ ಬಂದವರು ಅದನ್ನು ಮರೆತರು. ಪ್ರಿನ್ಸ್ ಆಫ್ ಪರ್ಷಿಯಾದ 2008ರ ಗೇಮಲ್ಲಿ ನೀವು ಪ್ರಪಾತಕ್ಕೆ ಬಿದ್ದರೆ ಎಲಿಕಾ ಅನ್ನುವ ಹುಡುಗಿ ಕೈ ಹಿಡಿದು ಎಳೆದು, ಕೊನೆಗೆ ನಿಂತಿದ್ದ ಗಟ್ಟಿ ನೆಲದ ಮೇಲೆ ಬಿಡುತ್ತಾಳೆ. ಇದರಲ್ಲಿ ಸಾವೇ ಇಲ್ಲ ಅಂತ ತುಂಬ ಜನ ಬೈದರು. ಲೆಕ್ಕ ನೋಡಿದರೆ ಅದು ಚೆಕ್‌ಪಾಯಿಂಟೇ, ಅಂದರೆ ಸತ್ತ ಮೇಲೆ ಮತ್ತೆ ಶುರುವಾಗುವ ಜಾಗ. ಲೋಡಿಂಗ್ ಪರದೆ ಬದಲು ಒಂದು ಕೈ, ಅಷ್ಟೇ.

ಸುರತ್ಕಲ್ ಹಾಸ್ಟೆಲ್
ಹಾಗಾದರೆ ನಾವು ಜಗಳ ಆಡುತ್ತಿರುವುದು ಸಾವಿನ ಬಗ್ಗೆ ಅಲ್ಲ, ಸತ್ತ ಮೇಲೆ ಎಷ್ಟು ಹೊತ್ತು ದಂಡ ಅನ್ನುವುದರ ಬಗ್ಗೆ. ಮಳೆಗಾಲದಲ್ಲಿ ಇದು ನಮ್ಮ ಕಡೆಯವರಿಗೆ ಜಾಸ್ತಿ ಗೊತ್ತು. ಗುಡುಗು ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಕೊನೆಯ ಸೇವ್ ಎಲ್ಲಿತ್ತೋ ಅಲ್ಲಿಗೆ ವಾಪಸ್. ಬೇಕಾದಲ್ಲಿ ಸೇವ್ ಮಾಡಲಿಕ್ಕೆ ಬಿಡದ ಗೇಮನ್ನು ನಾನು ಜೂನ್‌ನಲ್ಲಿ ಮುಟ್ಟುವುದೇ ಇಲ್ಲ. ಪಯಣಿಗರೇ, ಶ್ಯಾಡೋ ಆಫ್ ದ ಟೂಂಬ್ ರೈಡರ್ (2018) ನೋಡಿ. ಅದರಲ್ಲಿ ಹೊಡೆದಾಟ, ಓಡಾಟ, ಪಜಲ್ ಮೂರಕ್ಕೂ ಬೇರೆ ಬೇರೆ ಕಷ್ಟದ ಮಟ್ಟ ಇಟ್ಟುಕೊಳ್ಳಬಹುದು.

ಪಡುಬಿದ್ರಿ ಪಯಣಿಗ
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಹೊಡೆದಾಟ ಮತ್ತು ಓಡಾಟ ಈಸಿಗೆ, ಪಜಲ್ ಕಷ್ಟಕ್ಕೆ. ಹಾಗೆ ಎಲ್ಲ ಗೇಮಲ್ಲೂ ಕೊಟ್ಟರೆ ನನಗೂ ಮಾಮನಿಗೂ ಒಂದೇ ಗೇಮ್ ಸಾಕಲ್ಲ?

ಕಟಪಾಡಿ ಕಡಲು
ಎಲ್ಲ ಗೇಮಲ್ಲೂ ಬೇಡ. ಔಟರ್ ವೈಲ್ಡ್ಸ್‌ನ ಆ ಮೀನುಗಳಿಗೆ ಈಸಿ ಮೋಡ್ ಕೊಟ್ಟರೆ ನಾನಂತೂ ಒಪ್ಪಲ್ಲ.

ಮಲ್ಪೆ ಸಂಜೆ
ಕೊಟ್ಟರೆ ನಾನು ಅವತ್ತೇ ತಗೊಳ್ಳುತ್ತೇನೆ. ನಿಮ್ಮ ಮೋಡ್ ನಿಮಗೆ ಹಾಗೇ ಇರುತ್ತದಲ್ಲ, ನಾನು ಹೆದರದೆ ದಾಟಿದರೆ ನಿಮಗೆ ಎಂತ ಕಡಿಮೆ ಆಗುತ್ತದೆ?