ಕರೆ ಕಟ್ ಆದರೂ ಶೆಲ್ ಸಾಯುತ್ತಿಲ್ಲ, ಮುಂದಿನವರಿಗೆ ಹಳೇ ಲಾಗಿನ್ ಸಿಗುತ್ತಿದೆ

ಹಳೇಪೆಟ್ಟಿಗೆ: ತಲೆ ಕೆಟ್ಟುಹೋಗಿದೆ. ಫೋನ್ ಲೈನಿನ ಮೊಡೆಮ್ ಮೂಲಕ ನನ್ನ ಯುನಿಕ್ಸ್ ಕಂಪ್ಯೂಟರಿಗೆ ಡಯಲ್ ಮಾಡಿ ಒಳಗೆ ಬಂದವರು ಲಾಗೌಟ್ ಆಗದೆ ಲೈನ್ ಕಡಿದರೆ ಅವರ ಶೆಲ್ (ಆಜ್ಞೆ ಓಡಿಸುವ ಪ್ರೋಗ್ರಾಂ) ಹಾಗೇ ಉಳಿಯುತ್ತದೆ. ಮುಂದೆ ಕರೆ ಮಾಡಿದವರು ಪಾಸ್‌ವರ್ಡ್ ಇಲ್ಲದೆ ನೇರ ಅದರೊಳಗೇ ಇಳಿಯುತ್ತಾರೆ! ಸಿಲೋಕಲ್ (ಮೊಡೆಮ್ ಸಂಕೇತಗಳನ್ನು ಲೆಕ್ಕಿಸಬೇಡ ಎನ್ನುವ ಸೆಟ್ಟಿಂಗ್) ತೆಗೆದರೆ ಲಾಗಿನ್ ಪ್ರಾಂಪ್ಟೇ ಬರುವುದಿಲ್ಲ. ಮೊಡೆಮ್ ಚೆನ್ನಾಗಿದೆ, ಎಲ್ಲ ಮಾಮೂಲಿ ಸೆಟ್ಟಿಂಗ್. ವಿಐ ಎಡಿಟರ್ ಬೇರೆ ಪರದೆ ತುಂಬ ಕಸ ತೋರಿಸುತ್ತಿದೆ.

ಬಾಡ್‌ರಾಯ: ಯುಎಆರ್‌ಟಿ, ಅಂದರೆ ಸೀರಿಯಲ್ ಪೋರ್ಟಿನ ಚಿಪ್, ಯಾವುದು? 16450 ಆದರೆ ಒಂದೇ ಬೈಟ್ ಬಫರ್. 16550ಎ ಹಾಕಿ, 16 ಬೈಟ್ ಫಿಫೊ (ಸಾಲಾಗಿ ತುಂಬುವ ಬಫರ್) ಇದೆ. ಇಂಥ ಕಾಟವೆಲ್ಲ ಹುಟ್ಟುವುದೇ ಅಲ್ಲಿ.

ಟಿಟಿವೈಪ್ರಿಯ: ಬಫರ್ ತುಂಬಿ ಓವರ್‌ರನ್ ಆದರೆ ಅಕ್ಷರ ಬಿಟ್ಟುಹೋಗುತ್ತದೆ. ಶೆಲ್ ಉಳಿಯುವುದಕ್ಕೂ ಅದಕ್ಕೂ ಏನು ಸಂಬಂಧ? ಮಾಮೂಲಿ ಅಂದರೆ ಯಾವುದು ಸ್ವಾಮಿ? ಮೊಡೆಮ್‌ಗೆ ಕೊಡುವ ಆಜ್ಞೆಗಳಲ್ಲಿ ಎಟಿ&ಸಿ0 ಇದ್ದರೆ ಮೊಡೆಮ್ ಡಿಸಿಡಿಯನ್ನು (ಕರೆ ಜೋಡಣೆಯಾಗಿದೆ ಎನ್ನುವ ಸಂಕೇತ) ಯಾವಾಗಲೂ ಆನ್ ಇಟ್ಟಿರುತ್ತದೆ. ಕರೆ ಹೋದದ್ದು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಗೊತ್ತಾಗುವುದಿಲ್ಲ, ಶೆಲ್‌ಗೆ ಸಿಗ್‌ಹಪ್ (ಲೈನ್ ಹೋಯಿತು ಎನ್ನುವ ಸಂದೇಶ) ಕಳಿಸುವುದಿಲ್ಲ.

ಹಳೇಪೆಟ್ಟಿಗೆ: &ಸಿ1 ಇದೆ. ಕರೆ ಹೋದ ಕೂಡಲೇ ಮೊಡೆಮ್‌ನ ಸಿಡಿ ದೀಪ (ಡಿಸಿಡಿಯದೇ) ಆರುತ್ತದೆ.

ಬಾಡ್‌ರಾಯ: ನನ್ನದು 8 ಪೋರ್ಟಿನ ಕಾರ್ಡ್, ಎಲ್ಲ 16550ಎ. ಎಂಟೂ ಲೈನ್ ಸೆಕೆಂಡಿಗೆ 38400 ಬಿಟ್ ವೇಗದಲ್ಲಿ ಓಡುತ್ತಿವೆ. ಈ ತೊಂದರೆ ನೋಡೇ ಇಲ್ಲ.

ಕರ್ಸರ್‌ಕಾಕ: ವಿಐ ಕಸಕ್ಕೆ ಟರ್ಮ್ (ಟರ್ಮಿನಲ್ ಬಗೆ ಹೇಳುವ ಸೆಟ್ಟಿಂಗ್) ವಿಟಿ100 ಮಾಡಿ ಸಾಕು.

ಟಿಟಿವೈಪ್ರಿಯ: ಕಣ್ಣುಮುಚ್ಚಿ ವಿಟಿ100 ಅನ್ನಬೇಡಿ. ಆ ತುದಿಯ ಪ್ರೋಗ್ರಾಂ ಯಾವ ಟರ್ಮಿನಲ್ ಥರ ನಡೆದುಕೊಳ್ಳುತ್ತದೋ ಅದನ್ನೇ ಕೊಡಬೇಕು. ಲಾಗಿನ್ ಆದಾಗ ಓಡುವ ಪ್ರೊಫೈಲ್ ಫೈಲಿನಲ್ಲಿ ಟಿಸೆಟ್ ಆಜ್ಞೆಯನ್ನು ಕೇಳುವ ಹಾಗೆ ಇಟ್ಟರೆ ಯಾವ ಟರ್ಮಿನಲ್ ಎಂದು ಅದೇ ಕೇಳುತ್ತದೆ.

ಕರ್ಸರ್‌ಕಾಕ: ಇಷ್ಟು ವರ್ಷ ವಿಟಿ100ರಲ್ಲೇ ಕೆಲಸ ಮಾಡಿದವರು ದಡ್ಡರಾ?

ಟಿಟಿವೈಪ್ರಿಯ: ಅದು ಬಿಡಿ. ದೀಪ ಆರುತ್ತದೆ, ಕಂಪ್ಯೂಟರಿಗೆ ಮಾತ್ರ ಗೊತ್ತಾಗುತ್ತಿಲ್ಲ. ಕೇಬಲ್ ಯಾವುದು?

ಹಳೇಪೆಟ್ಟಿಗೆ: ನಾನೇ ಬೆಸುಗೆ ಹಾಕಿದ್ದು. ಕಳಿಸೋಕೆ ಒಂದು ತಂತಿ, ತಗೊಳ್ಳೋಕೆ ಒಂದು, ಗ್ರೌಂಡ್ ಒಂದು. ಡೇಟಾ ಸರಿಯಾಗೇ ಹೋಗುತ್ತಲ್ವಾ?

ಟಿಟಿವೈಪ್ರಿಯ: ಇದನ್ನು ಮೊದಲೇ ಹೇಳಬಾರದಿತ್ತಾ! ಮೊಡೆಮ್ ತುದಿಯ 25 ಪಿನ್ ಕಡೆಯ 8ರಿಂದ ಕಂಪ್ಯೂಟರ್ ತುದಿಯ 9 ಪಿನ್ ಕಡೆಯ 1ಕ್ಕೆ ತಂತಿ ಬೇಕು, ಅದೇ ಡಿಸಿಡಿ. 20ರಿಂದ 4ಕ್ಕೆ ಹೋಗುವುದು ಡಿಟಿಆರ್ (ಕಂಪ್ಯೂಟರ್ ಸಿದ್ಧ ಎಂದು ಮೊಡೆಮ್‌ಗೆ ಹೇಳುವ ಸಂಕೇತ). ಸಿಲೋಕಲ್ ತೆಗೆದಾಗ ಗೆಟ್ಟಿ (ಲಾಗಿನ್ ಪ್ರಾಂಪ್ಟ್ ತೋರಿಸುವ ಪ್ರೋಗ್ರಾಂ) ಪೋರ್ಟ್ ತೆರೆಯುವಾಗಲೇ ಡಿಸಿಡಿಗೆ ಕಾಯುತ್ತ ನಿಲ್ಲುತ್ತದೆ. ತಂತಿಯೇ ಇಲ್ಲದೆ ಎಲ್ಲಿಂದ ಬರಬೇಕು? ಸಿಲೋಕಲ್ ಹಾಕಿದರೆ ಡಿಸಿಡಿ ಬಿದ್ದರೂ ಕರ್ನಲ್ ಕೇರ್ ಮಾಡುವುದಿಲ್ಲ. ಪೂರ್ತಿ ಮೊಡೆಮ್ ಕೇಬಲ್ ಹಾಕಿ, ಆಮೇಲೆ ಸಿಲೋಕಲ್ ತೆಗೆಯಿರಿ.

ಬಾಡ್‌ರಾಯ: ಹಾಗಾದರೆ ಡೇಟಾ ಹರಿವು ತಡೆಯುವ ಆರ್‌ಟಿಎಸ್, ಸಿಟಿಎಸ್ ತಂತಿ ಕೂಡ ಇಲ್ಲ. ಬಫರ್ ತುಂಬಿ ಚೆಲ್ಲುತ್ತದೆ. ನಾನು ಹೇಳಿದ್ದೂ ಅದನ್ನೇ.

ಟಿಟಿವೈಪ್ರಿಯ: ಅದಲ್ಲ.

ಹಳೇಪೆಟ್ಟಿಗೆ: ಕೇಬಲ್ ಬದಲಾಯಿಸಿದೆ. ಈಗ ಲೈನ್ ಕಡಿದರೆ ಶೆಲ್ ಸಾಯುತ್ತಿದೆ. ಆದರೆ ಲಾಗೌಟ್ ಮಾಡಿದರೆ ಮೊಡೆಮ್ ಲೈನ್ ಬಿಡುತ್ತಿಲ್ಲ, ಸುಮ್ನೆ ಮತ್ತೆ ಲಾಗಿನ್ ಪ್ರಾಂಪ್ಟ್ ಬರುತ್ತದೆ.

ಟಿಟಿವೈಪ್ರಿಯ: &ಡಿ0 ಇರಬೇಕು. ಡಿಟಿಆರ್ ಬಿದ್ದರೂ ಮೊಡೆಮ್ ಕಡೆಗಣಿಸುತ್ತದೆ. &ಡಿ2 (ಡಿಟಿಆರ್ ಬಿದ್ದರೆ ಲೈನ್ ಬಿಡು) ಕೊಟ್ಟು &ಡಬ್ಲ್ಯು ಇಂದ ಉಳಿಸಿ. ಗೆಟ್ಟಿ ಸೆಟ್ಟಿಂಗಿನಲ್ಲಿ ಹಪ್‌ಸಿಎಲ್ (ಲಾಗೌಟ್ ಆದಾಗ ಡಿಟಿಆರ್ ಬೀಳಿಸುವ ಆಯ್ಕೆ) ಇರಲಿ. ಇನ್ನು ಮೇಲೆ ಸಿಗ್‌ಹಪ್ ನಿಜವಾಗಿ ಬರುತ್ತದೆ, ಹಾಗಾಗಿ ಲೈನ್ ಹೋದರೂ ಓಡಬೇಕಾದ ಕೆಲಸಕ್ಕೆ ನೋಹಪ್ (ಸಿಗ್‌ಹಪ್ ಕಡೆಗಣಿಸುವಂತೆ ಮಾಡುವ ಆಜ್ಞೆ) ಹಾಕೋಕೆ ಬಳಸುವವರಿಗೆ ಹೇಳಿಬಿಡಿ.