ಕಸ್ಟಮರ್ ಕಾಲ್ ರೆಕಾರ್ಡಿಂಗ್ ತಗೊಂಡು ಎಐ ಟ್ರೇನ್ ಮಾಡೋದು ಸರೀನಾ?

ಡೇಟಾ_ಹುಡುಗಿ: ಎಚ್‌ಎಸ್‌ಆರ್ ಲೇಔಟಲ್ಲಿ ಒಂದು ಸ್ಟಾರ್ಟಪ್‌ನಲ್ಲಿದೀನಿ, ಹೆಸರು ಬೇಡ. ಸಾಲದ ಆಪ್‌ಗಳಿಗೆ ಕಸ್ಟಮರ್ ಕೇರ್ ನಡೆಸ್ತೀವಿ. ಈಗ ಮ್ಯಾನೇಜರ್ರು ಹಳೇ ಕನ್ನಡ ಕಾಲ್‌ಗಳನ್ನೆಲ್ಲ ಹಾಕಿ ವಾಯ್ಸ್ ಬಾಟ್ (ಫೋನಲ್ಲಿ ಮನುಷ್ಯರ ಬದಲು ಮಾತಾಡೋ ಎಐ) ಟ್ರೇನ್ ಮಾಡಿ ಅಂತಿದಾರೆ, ಕಾಲ್ ಶುರುವಲ್ಲಿ "ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಅಂತ ಬರತ್ತಲ್ಲ ಅದೇ ಒಪ್ಪಿಗೆಯಂತೆ. ಕೆಲವು ಕೇಳಿ ನೋಡ್ದೆ, ಕಂತು ಯಾಕೆ ಕಟ್ಟಕ್ಕಾಗ್ಲಿಲ್ಲ ಅಂತ ಅಳ್ತಾರೆ, ಗಂಡನ ಕಾಯಿಲೆ, ಆಧಾರ್ ನಂಬರ್ ಎಲ್ಲಾ ಹೇಳ್ಕೊಂಡಿರ್ತಾರೆ. ಮನಸ್ಸು ಒಪ್ತಿಲ್ಲ, ಕೆಲಸಾನೂ ಬೇಕು. ಏನ್ಮಾಡ್ಲಿ?

ಸಿಲ್ಕ್‌ಬೋರ್ಡ್_ಸಿದ್ದ: ಎಲ್ರೂ ಮಾಡೋದೇ ಬಿಡಿ. ಕನ್ನಡ ವಾಯ್ಸ್ ಡೇಟಾ ಸಿಗೋದೇ ಕಷ್ಟ, ಇದೂ ಬೇಡ ಅಂದ್ರೆ ನಮ್ಮಜ್ಜಿ ಹಿಂದಿ ಬಾಟ್ ಜೊತೆ ಒದ್ದಾಡ್ಬೇಕು ಅಷ್ಟೆ.

ಕರಿಕೋಟು: ಅದು ಒಪ್ಪಿಗೆ ಅಲ್ಲ ಮೇಡಂ. 2023ರ ಡಿಪಿಡಿಪಿ ಕಾಯ್ದೆ (ಜನರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಪಾಡೋ ಕಾನೂನು) ಪ್ರಕಾರ ಯಾವ ಉದ್ದೇಶ ಹೇಳಿ ಕೇಳಿದ್ರೋ ಅದಕ್ಕೆ ಮಾತ್ರ ಒಪ್ಪಿಗೆ, ಒಪ್ಪಿಗೆ ಕೇಳೋ ನೋಟಿಸ್ ಕನ್ನಡದಲ್ಲೂ ಓದಕ್ಕೆ ಸಿಗ್ಬೇಕು, ಕೊಟ್ಟ ಒಪ್ಪಿಗೆ ವಾಪಸ್ ತಗೊಳೋ ಹಕ್ಕೂ ಇದೆ. ಸರಿಯಾಗಿ ಕಾಪಾಡದೆ ಡೇಟಾ ಲೀಕ್ ಆದ್ರೆ ದಂಡ 250 ಕೋಟಿವರೆಗೆ. ಆದ್ರೆ ರೂಲ್ಸ್ ಬಂದಿದ್ದೇ 2025ರ ನವೆಂಬರಲ್ಲಿ, ಮುಖ್ಯ ಭಾಗಗಳಿಗೆ 18 ತಿಂಗಳು ಟೈಮ್ ಕೊಟ್ಟಿದಾರೆ, ನಿಮ್ಮವರ ಅವಸರ ಅದಕ್ಕೇ ಇರ್ಬೋದು. (ಅಂದಹಾಗೆ ಪ್ರೈವೆಸಿ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಹೇಳಿದ್ರಲ್ಲ, ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವ್ರು.)

ಬಸವನಗುಡಿ_ಭಟ್ಟ: ಸಿದ್ದಣ್ಣ, ಡೇಟಾ ಇಲ್ಲ ಅನ್ನೋದು ಬರೀ ನೆಪ. ಐಐಎಸ್‌ಸಿಯವ್ರು ಗೂಗಲ್ ಜೊತೆ 'ವಾಣಿ' ಅಂತ ಮಾಡ್ತಿದಾರೆ, ಜಿಲ್ಲೆ ಜಿಲ್ಲೆಗೆ ಹೋಗಿ ಜನಕ್ಕೆ ಚಿತ್ರ ತೋರ್ಸಿ ಮಾತಾಡ್ಸಿ ರೆಕಾರ್ಡ್ ಮಾಡ್ತಾರೆ. ಇಲ್ಲೇ ಬೆಂಗಳೂರಿನ 'ಕಾರ್ಯ' ಸಂಸ್ಥೆ ಹಳ್ಳಿಯವ್ರಿಗೆ ದುಡ್ಡು ಕೊಟ್ಟು ಕನ್ನಡ ವಾಕ್ಯ ಓದಿಸ್ತದೆ. ಕೇಳಿ ತಗೊಳಕ್ಕೆ ದಾರಿ ಇದೆ, ಖರ್ಚಾಗತ್ತೆ ಅನ್ನೋದೇ ಇವ್ರ ಸಂಕಟ.

ಮೇಡಂ, ಆಧಾರ್ ನಂಬರ್ ಅಳಿಸಿದ್ರೆ ಸಾಕು ಅಂತಾರೆ, ನಂಬ್ಬೇಡಿ, ದನಿ ಕೇಳಿದ್ರೇ ಗುರ್ತು ಸಿಗತ್ತಲ್ಲ. ಒಂದ್ಸಲ ಎಐ ಮಾಡೆಲ್ ಒಳಗೆ ಹೋದ್ರೆ ಒಬ್ಬರ ದನಿ ಮಾತ್ರ ಹೊರಗೆ ತೆಗೆಯೋದು ಟೆಕ್ನಿಕಲಿ ತುಂಬಾ ಕಷ್ಟ, ಆಮೇಲೆ ಒಪ್ಪಿಗೆ ವಾಪಸ್ ತಗೊಂಡೂ ಏನು ಬಂತು. ಜಗಳ ಬೇಡ, "ಲೀಗಲ್‌ನವ್ರು ಓಕೆ ಅಂದಿದಾರಾ" ಅಂತ ಒಂದು ಮೇಲ್ ಹಾಕಿ, ಅಷ್ಟೇ ಸಾಕು.

ಡೇಟಾ_ಹುಡುಗಿ: ಮೇಲ್ ಹಾಕ್ದೆ. ಐದೇ ನಿಮಿಷದಲ್ಲಿ ಫೋನ್ ಬಂತು, "ಇಂಥದ್ದೆಲ್ಲ ಮೇಲಲ್ಲಿ ಯಾಕಮ್ಮ, ಎದುರಿಗೆ ಮಾತಾಡೋಣ" ಅಂತ 😐

ಕರಿಕೋಟು: ಮಾತಾಡಿ ಬನ್ನಿ. ಬಂದ್ಮೇಲೆ ಏನೇನ್ ಮಾತಾಯ್ತು ಅಂತ ಇನ್ನೊಂದು ಮೇಲ್ ಹಾಕಿ.